ನಿಪ್ಪಾಣಿ ಕಾರ್ಡಿನ ಕಾಡತೂಸು

ಮದುವೆಯ ಕಾರ್ಡು ಬಂದರೆ ಮಂದಿ ಮೊದಲು ಮುಹೂರ್ತ ನೋಡುತ್ತಾರೆ, ಆಮೇಲೆ ಊಟ ಎಷ್ಟು ಹೊತ್ತಿಗೆ ಎಂದು ನೋಡುತ್ತಾರೆ. ಗಿರಿಜವ್ವ ಮಾತ್ರ ಕಾರ್ಡನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಎಷ್ಟು ದಪ್ಪ ಇದೆ ಎಂದು ನೋಡುತ್ತಿದ್ದಳು. ತಂದುಕೊಟ್ಟವರು ಇವಳಿಗೆ ಓದಲು ಬರುವುದಿಲ್ಲವೆಂದು ತಿಳಿದು, ಪಾಪ, ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಓದಲು ಅವಳಿಗೆ ಚೆನ್ನಾಗಿಯೇ ಬರುತ್ತಿತ್ತು, ಅದೂ ಕನ್ನಡ ಮರಾಠಿ ಎರಡರಲ್ಲೂ. ಅವಳಿಗೆ ಬೇಕಾಗಿದ್ದುದು ಕಾರ್ಡಿನ ರಟ್ಟು.

ಅಥಣಿಯಿಂದ ಕೃಷ್ಣೆಯ ಕಡೆಗೆ ಏಳು ಮೈಲಿ ಹೋದರೆ ಸಿಗುವ ತೋಟದ ವಸ್ತಿಯಲ್ಲಿ ಅವಳ ಗಂಡ ಮುರಗೆಪ್ಪನಿಗೆ ಹದಿನೆಂಟು ಎಕರೆ ಕಬ್ಬು, ಎರಡು ಎಕರೆ ದ್ರಾಕ್ಷಿ, ಅಪ್ಪನ ಕಾಲದಿಂದ ಬಂದ ಒಂದು ಜೋಡುನಳಿಗೆಯ ಬಂದೂಕು ಇದ್ದವು. ಮೂರರಲ್ಲಿ ಅವನ ಬಾಯಲ್ಲಿ ಹೆಚ್ಚು ಬರುತ್ತಿದ್ದುದು ಬಂದೂಕೇ. ಕಬ್ಬಿಗೆ ಬೀಳುವ ಹಂದಿಗಳ ಸಲುವಾಗಿ ಲೈಸೆನ್ಸು ಇತ್ತು. ಕಾಡತೂಸನ್ನು ಮನೆಯಲ್ಲೇ ತುಂಬಿಕೊಳ್ಳುವುದು ಅವರ ಮನೆತನದ ರೂಢಿ. ಹಿತ್ತಾಳೆಯ ಖಾಲಿ ಕಾಡತೂಸಿನ ಬುಡಕ್ಕೆ ಮದ್ದು, ಅದರ ಮೇಲೆ ರಟ್ಟು, ಹಳೆಯ ಕಂಬಳಿಯಿಂದ ಕತ್ತರಿಸಿದ ಒಂದು ಬಿಲ್ಲೆ, ಅದರ ಮೇಲೆ ಛರಾ ಎನ್ನುವ ಸೀಸದ ಗುಂಡುಕಾಳು, ಎಲ್ಲಕ್ಕೂ ಮೇಲೆ ಛರಾ ಉದುರದಂತೆ ಕಾರ್ಡಿನ ದುಂಡನೆಯ ಬಿಲ್ಲೆಯೊಂದನ್ನು ಕೂಡ್ರಿಸಿ ಸುತ್ತ ಮೇಣ ಹಚ್ಚಿದರೆ ಆಯಿತು. ಬಿಲ್ಲೆ ಕತ್ತರಿಸುವ ಉಳಿ ಅಥಣಿಯ ಚಪ್ಪಲಿ ಮಾಡುವವರಿಂದ ತಂದದ್ದು. ಗಿರಿಜವ್ವ ಸೊಸೆಯಾಗಿ ಬಂದ ಮೊದಲ ವರ್ಷವೇ ಅವಳ ಮಾವ, “ಈಕಿ ಕೈಯಾಗ ಉಪ್ಪು ಹೆಚ್ಚುಕಡಿಮಿ ಆಗೂದಿಲ್ಲ, ಮದ್ದೂ ಈಕೀನ ಹಾಕಲಿ” ಎಂದು ಅಳತೆಯನ್ನು ಅವಳ ಕೈಗೆ ಒಪ್ಪಿಸಿದ್ದ. ಅಂದಿನಿಂದ ಮೂವತ್ತು ವರ್ಷ ಆ ಮನೆಯ ಬಂದೂಕಿನಿಂದ ಹಾರಿದ್ದೆಲ್ಲ ಅವಳು ತುಂಬಿದ್ದೇ.

ಕಾರ್ಡಿನ ಮೇಲಿನ ಗಣಪತಿಯನ್ನು ಮಾತ್ರ ಅವಳು ಎಂದೂ ಬಂದೂಕಿಗೆ ಹಾಕಲಿಲ್ಲ. ಅವನನ್ನು ಸುತ್ತ ಕತ್ತರಿಸಿ ತೆಗೆದು ದೇವರ ಮನೆಯ ಡಬ್ಬಿಯಲ್ಲಿ ಇಡುತ್ತಿದ್ದಳು. ಡಬ್ಬಿಯಲ್ಲಿ ಈಗ ಎಪ್ಪತ್ತಕ್ಕೂ ಮೇಲೆ ಗಣಪತಿಗಳಿದ್ದರು.

ಇಷ್ಟು ವರ್ಷ ಎಲ್ಲ ಕಾರ್ಡೂ ಒಂದೇ ಆಗಿದ್ದವು. ಎರಡು ವರ್ಷದ ಹಿಂದೆ, ಎಂಬತ್ತಾರರಲ್ಲಿ, ಮುರಗೆಪ್ಪ ಒಂದು ಹಂದಿಯನ್ನು ಕಂಡ ಗಡಿಬಿಡಿಯಲ್ಲಿ ಎರಡೂ ನಳಿಗೆಯ ಕುದುರೆ ಒಮ್ಮೆಲೇ ಎಳೆದ. ಹಂದಿ ನೆಟ್ಟಗೆ ಹೋಯಿತು. ಮುರಗೆಪ್ಪ ಬದುವಿನ ಮೇಲೆ ಅಂಗಾತ ಬಿದ್ದ. ಮಿರಜಿನ ಡಾಕ್ಟರು ಫೋಟೋ ತೆಗೆದು, ಹೆಗಲ ಮುಂದಿನ ಎಲುಬು ಸೀಳಿದೆ ಎಂದರು. ಕೂಡುತ್ತದೆ, ಆದರೆ ಇನ್ನು ಮುಂದೆ ಮದ್ದು ಹೆಚ್ಚಿರುವ ಜಡ ಕಾಡತೂಸು ಹೊಡೆಯಬಾರದು, ಹೊಡೆದರೆ ಕೈ ತಲೆಯ ಮೇಲಕ್ಕೆ ಏಳುವುದಿಲ್ಲ ಎಂದೂ ಹೇಳಿದರು. ಮುರಗೆಪ್ಪ ‘ಕೂಡುತ್ತದೆ’ ಎಂಬುದನ್ನು ಕೇಳಿಸಿಕೊಂಡ. ಉಳಿದದ್ದನ್ನು ಗಿರಿಜವ್ವ ಕೇಳಿಸಿಕೊಂಡಳು.

ಮನೆಗೆ ಬಂದು ಮೂರು ತಿಂಗಳಾಗುವಷ್ಟರಲ್ಲಿ ಅವನು ಮತ್ತೆ ಬಂದೂಕು ತೆಗೆದ. ಹಗುರದ್ದು ಹೊಡೆಯಿರಿ ಎಂದು ಅವಳು ಹೇಳಿ ನೋಡಿದಳು. “ಹಗುರಂದ ಹೊಡಿಯೂದ ಒಂದ, ಬಳಿ ಇಟಗೊಳ್ಳೂದ ಒಂದ” ಎಂದುಬಿಟ್ಟ. ಮತ್ತೆ ಹೇಳುವ ಗೋಜಿಗೆ ಅವಳು ಹೋಗಲಿಲ್ಲ. ಅಳತೆ ಅವಳ ಕೈಯಲ್ಲೇ ಇತ್ತಲ್ಲ! ಮದ್ದು ಮುಕ್ಕಾಲಿಗೆ ಇಳಿಸಿದಳು, ಬಟಾಣಿಯಂಥ ಛರಾ ಬಿಟ್ಟು ಸಜ್ಜೆಕಾಳಿನಂಥದ್ದನ್ನು, ಅದನ್ನೂ ಕಡಿಮೆ ಹಾಕಿದಳು, ಖಾಲಿ ಉಳಿದ ಜಾಗಕ್ಕೆ ಇನ್ನೊಂದು ಕಂಬಳಿ ಬಿಲ್ಲೆ ತುರುಕಿದಳು. ಹೊರಗಿನಿಂದ ಎರಡೂ ಒಂದೇ ತರಹ. ಮೊದಲೇ ತುಂಬಿಟ್ಟ ಜಡದವು ಬೇರೆ ಒಂದು ಡಬ್ಬಿ ತುಂಬ ಇದ್ದವು. ಅವು ಇವು ಕಲೆತರೆ ಗತಿಯೇನು? ತನಗೆ ಗೊತ್ತಾಗುವಂಥ, ಅವನ ಕಣ್ಣಿಗೆ ಬೀಳದಂಥ ಒಂದು ಗುರುತು ಬೇಕಾಗಿತ್ತು.

ಅವನ ಕಣ್ಣಿಗೆ ಬೀಳದ್ದು ಅಂದರೆ ಅವಳ ತವರಿನ ಕಾರ್ಡು.

ಗಿರಿಜವ್ವನ ತವರು ನಿಪ್ಪಾಣಿ. ತಂಬಾಕಿನ ವ್ಯಾಪಾರದ ಮನೆ. ಅಲ್ಲಿಯ ಕಾರ್ಡುಗಳೆಲ್ಲ ಮರಾಠಿಯಲ್ಲಿ ಅಚ್ಚಾಗುತ್ತಿದ್ದವು, ಗಂಡನ ಕಡೆಯವರವು ಕನ್ನಡದಲ್ಲಿ. ಇಪ್ಪತ್ತೆರಡು ವರ್ಷದ ಹಿಂದೆ ಅವಳ ತಮ್ಮ ಗುರಪ್ಪನ ಮದುವೆಯಲ್ಲಿ ಮುರಗೆಪ್ಪನಿಗೆ ಆಹೇರಿ ಎಂದು ಉಡುಗೊರೆ ಮಾಡಿದ ಧೋತರ ಗಿಡ್ಡ ಬಂದು ಮೊಣಕಾಲಿಗೆ ನಿಂತಿತ್ತು. ನಾಲ್ಕು ಮಂದಿ ನಕ್ಕರು. ಅಂದಿನಿಂದ ಅವನು ನಿಪ್ಪಾಣಿಯ ಮದುವೆಗೆ ಹೋಗುವುದಿರಲಿ, ಅಲ್ಲಿಂದ ಬಂದ ಕಾರ್ಡನ್ನು ಮುಟ್ಟಿಯೂ ನೋಡುತ್ತಿರಲಿಲ್ಲ. “ನಿಮ್ಮವರದು ಬಂದೈತಿ” ಎಂದು ದೂರದಿಂದಲೇ ಕಟ್ಟೆಯತ್ತ ಕೈ ತೋರಿಸುತ್ತಿದ್ದ. ಗಿರಿಜವ್ವ ಕೆಲವಕ್ಕೆ ಒಬ್ಬಳೇ ಹೋದಳು, ಕೆಲವಕ್ಕೆ ಹೋಗಲು ಆಗಲಿಲ್ಲ. ತಾನು ಎತ್ತಿ ಆಡಿಸಿದ ಕೂಸುಗಳ ಹೆಸರಿನ ಮೇಲೆ ಉಳಿ ಇಟ್ಟು ಸುತ್ತಿಗೆ ಬಡಿಯುವಾಗ ಅವಳಿಗೆ ಅಳು ಬರುತ್ತಿತ್ತು. ಆದರೂ ಗುರುತಿಗೆ ಅದಕ್ಕಿಂತ ಒಳ್ಳೆಯದು ಸಿಗುವಂತಿರಲಿಲ್ಲ. ಮರಾಠಿ ಅಕ್ಷರ ಇದ್ದರೆ ಹಗುರ, ಕನ್ನಡ ಅಕ್ಷರ ಇದ್ದರೆ ಜಡ. ಜಡದ ಡಬ್ಬಿಯನ್ನು ಅಟ್ಟದ ಮೇಲೆ ಜೋಳದ ಚೀಲಗಳ ಹಿಂದೆ ತಳ್ಳಿದಳು.

ಹಂದಿಗಳಿಗೇನು, ಅವಕ್ಕೆ ಸಪ್ಪಳ ಸಾಕು. ಅವು ಮೊದಲಿನಂತೆಯೇ ಓಡುತ್ತಿದ್ದವು. ಮುರಗೆಪ್ಪನ ಹೆಗಲು ಮೊದಲಿನಂತೆ ನೋಯಲಿಲ್ಲ. ಇದಕ್ಕೆ ಅವನು ಬೇರೆಯೇ ಕಾರಣ ಹುಡುಕಿಕೊಂಡ. ದಿನಾ ಬೆಳಿಗ್ಗೆ ಐವತ್ತು ಬೈಠಕು, ಒಂದು ಚರಿಗೆ ಎಮ್ಮೆಯ ಹಾಲು. “ನೋಡ ಇಲ್ಲೆ, ಕಬ್ಬಿಣ ಆಗೈತಿ” ಎಂದು ಬಂದವರಿಗೆಲ್ಲ ಹೆಗಲು ಮುಟ್ಟಿಸುತ್ತಿದ್ದ. ಮುಟ್ಟಿದವರು ಹೌದೌದು ಎನ್ನುತ್ತಿದ್ದರು, ಯಾಕೆಂದರೆ ಗಿರಿಜವ್ವ ಚಹಾ ಒಳ್ಳೆಯದು ಮಾಡುತ್ತಿದ್ದಳು.

ಹೀಗೆ ಎರಡು ವರ್ಷ ಸುಖವಾಗಿ ನಡೆದ ಮೇಲೆ ಶೇಡಬಾಳದ ಸುಭೇದಾರ ಅಣ್ಣಾಸಾಬ ಬಂದ.

ಈ ಅಣ್ಣಾಸಾಬ ಒಂದು ವಿಚಿತ್ರ ಮನುಷ್ಯ. ಜೈನರ ಮನೆಯವನು. ಪಲ್ಟಣದಲ್ಲಿ ಇಪ್ಪತ್ತಾರು ವರ್ಷ ಇದ್ದು, ಗುರಿ ಹೊಡೆಯುವುದರಲ್ಲಿ ಕಪ್ಪುಗಳನ್ನು ಗೆದ್ದು ಬಂದಿದ್ದರೂ ಒಂದು ಗುಬ್ಬಿಯನ್ನು ಸಹ ಹೊಡೆದವನಲ್ಲ. ಸುತ್ತಲಿನ ಬಂದೂಕಿನವರು ಬೆಳವ, ಕವುಜುಗದಂಥ ಹಕ್ಕಿಗಳ ಹಿಂದೆ ಬೀಳುವುದನ್ನು ನೋಡಿ ನೋಡಿ ಬೇಸತ್ತು ಅವನು ಒಂದು ಉಪಾಯ ಮಾಡಿದ್ದ. ಕುಂಬಾರನಿಂದ ಗಡಿಗೆಯ ಮುಚ್ಚಳದಂಥವನ್ನು ಅರೆಬರೆ ಸುಡಿಸಿ, ಹಳೆಯ ಜೀಪಿನ ಸ್ಪ್ರಿಂಗಿನಿಂದ ಅವನ್ನು ಆಕಾಶಕ್ಕೆ ಚಿಮ್ಮಿಸುವ ಒಂದು ಯಂತ್ರ ಕಟ್ಟಿದ್ದ. ಸಕ್ಕರೆ ಕಾರ್ಖಾನೆಯ ಬಾಯ್ಲರ್ ಪೂಜೆಯ ದಿನ, ಮಗ್ಗುಲಿನ ಬಯಲಿನಲ್ಲಿ ಪಂದ್ಯ. ಗೆದ್ದವರಿಗೆ ತಲೆಗೆ ಸುತ್ತುವ ಜರಿ ಪಟಗ.

“ಮುರಗೆಪ್ಪಣ್ಣ, ಒಂದ ಮಾತ” ಎಂದ ಚಹಾ ಕುಡಿಯುತ್ತ. “ಇದು ಹಂದಿ ಅಲ್ರಿ, ಮಣ್ಣಿನ ಮುಚ್ಚಳ. ನಾಕ ಕಾಳ ಬಡದ್ರ ಒಡಿತೈತಿ. ಸಣ್ಣ ಛರಾ ಹಾಕಿ, ಮದ್ದ ಕಡಿಮಿ ಮಾಡಿ, ಹಗುರ ತುಂಬಕೊಂಡ ಬರ್ರಿ. ಇಪ್ಪತ್ತ ಸಲ ಹೊಡಿಯೂದೈತಿ. ಜಡಾ ತಂದ್ರ ಐದನೇದಕ್ಕ ಹೆಗಲ ಒಲ್ಲೆ ಅಂತೈತಿ, ಆರನೇದಕ್ಕ ಕಣ್ಣ ತಾವ ಮುಚ್ಚತಾವ. ಹೊಗಿ ಬ್ಯಾರೆ, ಮುಚ್ಚಳ ಎಲ್ಲಿ ಹೋತು ಅನ್ನೂದ ಕಾಣೂದಿಲ್ಲ.”

“ಸುಭೇದಾರ್ರ, ಹಗುರಂದ ಸಾಲಿ ಹುಡುಗೂರಿಗೆ ಕೊಡ್ರಿ” ಎಂದ ಮುರಗೆಪ್ಪ, ಮೀಸೆಯ ಮೇಲೆ ಕೈ ಎಳೆಯುತ್ತ. “ನಮ್ಮ ಮನ್ಯಾಗ ಒಂದ ಅಳತಿ. ನಮ್ಮಪ್ಪನ ಅಳತಿ. ಆ ವಿರುಪಾಕ್ಷಪ್ಪ ಏನ ತರ್ತಾನಂತ?”

ವಿರುಪಾಕ್ಷಪ್ಪ ಅಂದರೆ ಪಕ್ಕದ ವಸ್ತಿಯ ದ್ರಾಕ್ಷಿಯ ಸಾಹುಕಾರ. ಮುರಗೆಪ್ಪ ಬಾವಿ ತೋಡಿಸಿದರೆ ಅವನು ಬೋರು ಹಾಕಿಸುವವನು.

“ಅವರೂ ನನ್ನ ಮಾತ ಕೇಳಿಲ್ಲ. ಕೊಲ್ಲಾಪುರದಿಂದ ಜಡಾ ಜಡಾ ತರಿಸ್ಯಾರಂತ.”

“ಹಂಗಾರ ಮುಗೀತು! ಏ ಗಿರಿಜಾ, ಇಪ್ಪತ್ತೈದ ತುಂಬು. ಅಳತಿ ತುಂಬಿ ಮ್ಯಾಲ ಒಂದ ಚಿಟಿಕಿ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಗಿರಿಜವ್ವ ಹೂಂ ಎಂದಳು. ಸುಭೇದಾರ ಹೇಳಿದ್ದು ಒಂದೊಂದೂ ಅವಳು ಎರಡು ವರ್ಷದಿಂದ ಮಾಡಿಕೊಂಡು ಬಂದದ್ದೇ. ಹೋಗಿ ಆ ಮನುಷ್ಯನ ಕಾಲಿಗೆ ಬೀಳಬೇಕು ಎನಿಸಿತು. ಬದಲಿಗೆ ಇನ್ನೊಂದು ಕಪ್ಪು ಚಹಾ ಕೊಟ್ಟಳು.

ತುಂಬಲು ಕುಳಿತಾಗ ತೊಂದರೆ ಎದುರಾಯಿತು. ಆ ವರ್ಷ ನಿಪ್ಪಾಣಿಯಲ್ಲಿ ಮದುವೆಗಳು ಕಡಿಮೆ. ಇದ್ದ ಕಾರ್ಡುಗಳಲ್ಲಿ ಗಣಪತಿಯನ್ನು ಬಿಟ್ಟು ಎಷ್ಟು ಒತ್ತಾಗಿ ಕತ್ತರಿಸಿದರೂ ಇಪ್ಪತ್ತು ಬಿಲ್ಲೆಗಳೇ ಬಂದವು. ಇಪ್ಪತ್ತು ಮುಚ್ಚಳಕ್ಕೆ ಇಪ್ಪತ್ತು ಸಾಕಲ್ಲ ಎಂದುಕೊಂಡು ಗಂಡನಿಗೆ ಛರಾ ತೀರಿತು ಅಂದಳು. ಪಂದ್ಯದ ದಿನ ಬೆಳಿಗ್ಗೆ ನೋಡುತ್ತಾಳೆ, ಸೊಂಟದ ಪಟ್ಟಿಯಲ್ಲಿ ಇಪ್ಪತ್ತೈದು ಕಾಡತೂಸುಗಳಿವೆ!

“ಇವೆಲ್ಲಿವ್ರಿ?” ಎಂದಳು.

“ಅಟ್ಟದ ಮ್ಯಾಲ ಒಂದ ಡಬ್ಬಿ ಮರತ ಕುಂತಿ ನೀ. ಐದ ತಂದೇನಿ, ಹೆಚ್ಚಿಗೆ ಇರ್ಲಿ” ಎಂದು ಅವನು ಪಟ್ಟಿಯನ್ನು ಬಚ್ಚಲಿನ ಗೂಟಕ್ಕೇ ತೂಗುಹಾಕಿ ಜಳಕಕ್ಕೆ ನಿಂತ. ತೆಗೆಯಬೇಕೆಂದರೆ ಅವನ ತಲೆಯ ಮೇಲಿಂದ ಕೈ ಹಾಕಬೇಕು.

ಅವನು ಮೈಗೆ ನೀರು ಸುರಿದುಕೊಳ್ಳುವಷ್ಟರಲ್ಲಿ ಗಿರಿಜವ್ವ ಐದು ಖಾಲಿ ಕಾಡತೂಸು ತೆಗೆದು ಹಗುರ ಅಳತೆಯಲ್ಲಿ ಮದ್ದು, ಛರಾ ಹಾಕಿದಳು. ದಾರಿಯಲ್ಲೋ ಬಯಲಿನಲ್ಲೋ ಸಮಯ ನೋಡಿ ಅದಲುಬದಲು ಮಾಡಬೇಕು. ಮುಚ್ಚಲು ರಟ್ಟು ಇಲ್ಲ. ಕನ್ನಡದ ಕಾರ್ಡು ಹಾಕಿದರೆ ಆಮೇಲೆ ತನಗೇ ಗುರುತು ಸಿಗದು. ಟ್ರಂಕಿನ ತಳದಲ್ಲಿ, ಧಾರೆ ಸೀರೆಯ ಮಡಿಕೆಯಲ್ಲಿ, ಒಂದು ನಿಪ್ಪಾಣಿ ಕಾರ್ಡು ಇನ್ನೂ ಇಡಿಯಾಗಿ ಇತ್ತು. ಐವತ್ತೆಂಟನೆಯ ಇಸವಿಯದು, ಅವಳ ಮದುವೆಯದೇ. ಒಂದು ಗಳಿಗೆ ಅದನ್ನು ಹಿಡಿದುಕೊಂಡು ಕುಳಿತಳು. ಬಚ್ಚಲಿನಲ್ಲಿ ಕೊನೆಯ ತಂಬಿಗೆಯ ಸಪ್ಪಳ ಆದದ್ದೇ ಉಳಿ ಇಟ್ಟು ಬಡಿದಳು.

ಬಯಲಿನಲ್ಲಿ ಹನ್ನೊಂದು ಬಂದೂಕು ಸೇರಿದ್ದವು. ಸೂರ್ಯ ಮುಳುಗುವ ಮೊದಲು ತನಗೆ ಊಟ ಆಗಬೇಕೆಂದು ಅಣ್ಣಾಸಾಬ ಹೇಳಿದ ಹೊತ್ತಿಗೆ ಒಂದು ನಿಮಿಷ ಹಿಂದುಮುಂದಾಗದಂತೆ ಶುರು ಮಾಡಿದ. ಮುರಗೆಪ್ಪ ಮೋಟರ್‌ಸೈಕಲ್ ಮೇಲೆ ಮೊದಲೇ ಬಂದಿದ್ದ. ಗಿರಿಜವ್ವ ವಿರುಪಾಕ್ಷಪ್ಪನ ಹೆಂಡತಿ ಸಕ್ಕುಬಾಯಿಯ ಜೊತೆ ಅವರ ಟ್ರ್ಯಾಕ್ಟರಿನಲ್ಲಿ ಬಂದಳು. ಬರುವಷ್ಟರಲ್ಲಿ ಪಟ್ಟಿ ಅವನ ಸೊಂಟಕ್ಕೆ ಏರಿತ್ತು. ಐದು ಕಾಡತೂಸುಗಳನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಹೆಣ್ಣುಮಕ್ಕಳ ಸಾಲಿನ ತುದಿಗೆ ಕುಳಿತಳು.

ಉಳಿದವರದು ನೋಡುವಂತಿತ್ತು. ಎಲ್ಲರೂ ಜಡದ್ದೇ ತಂದಿದ್ದರು, ಹಗುರದ್ದು ತಂದರೆ ಮಂದಿ ಏನಂದಾರು ಎಂದು. ಢಮ್ ಎಂದರೆ ಬಯಲು ನಡುಗುತ್ತಿತ್ತು, ಮುಚ್ಚಳ ಮಾತ್ರ ಸಾವಕಾಶ ಇಳಿದು ಹುಲ್ಲಿನ ಮೇಲೆ ಇಡಿಯಾಗಿ ಕೂಡುತ್ತಿತ್ತು. ಹತ್ತನೆಯದಕ್ಕೆ ಬರುವಷ್ಟರಲ್ಲಿ ನಾಲ್ಕು ಮಂದಿ ಹೆಗಲು ಹಿಡಿದುಕೊಂಡು ಬೇವಿನ ಮರದ ಕೆಳಗೆ ಕುಳಿತರು.

ಮುರಗೆಪ್ಪನ ಬಂದೂಕು ಟಪ್ ಎಂದಿತು. ತೆಳ್ಳಗೆ ಹೊಗೆ. ಮುಚ್ಚಳ ಗಾಳಿಯಲ್ಲೇ ಪುಡಿ! ಮತ್ತೆ ಟಪ್, ಮತ್ತೆ ಪುಡಿ. ಹೊಡೆದಾಗಲೆಲ್ಲ ಕಾರ್ಡಿನ ಚೂರುಗಳು ಮದುವೆಯ ಅಕ್ಷತೆಯಂತೆ ಕೆಳಗೆ ಉದುರುತ್ತಿದ್ದವು. ಗಿರಿಜವ್ವ ಬೆರಳು ಮಡಚಿ ಎಣಿಸುತ್ತಿದ್ದಳು. ಅವನು ಪಟ್ಟಿಯ ಎಡಗಡೆಯಿಂದ ತೆಗೆಯುತ್ತಿದ್ದ, ಜಡದ್ದು ಬಲಗಡೆಯ ತುದಿಗಿತ್ತು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಹದಿನಾರು ಒಡೆದಿದ್ದ. ಅವಳು ಮಡಚಿದ ಬೆರಳುಗಳನ್ನು ಬಿಡಿಸಿದಳು.

“ನಿಮ್ಮವರ ಹೆಗಲ ಖರೇನ ಕಬ್ಬಿಣ ಐತಿ ಬಿಡವ್ವ” ಎಂದಳು ಸಕ್ಕುಬಾಯಿ. “ನಮ್ಮವರ ಮಾರಿ ನೋಡಿಲ್ಲೆ, ಹುಳಿ ದ್ರಾಕ್ಷಿ ತಿಂದಾಂಗ ಆಗೈತಿ.”

ಮಾರಿ ಹೇಗಾದರೂ ಆಗಲಿ, ವಿರುಪಾಕ್ಷಪ್ಪ ಹಟದ ಮನುಷ್ಯ. ಹಲ್ಲು ಕಚ್ಚಿ ಹೊಡೆದು ಅವನೂ ಹದಿನಾರು ಒಡೆದಿದ್ದ. ಸಮ ಸಮ. ಇಬ್ಬರಿಗೂ ಇನ್ನೂ ಐದೈದು ಎಂದು ಸುಭೇದಾರ ಕೂಗಿದ.

ವಿರುಪಾಕ್ಷಪ್ಪ ಐದರಲ್ಲಿ ಎರಡು ಒಡೆದ. ಮುರಗೆಪ್ಪನಿಗೆ ಮೂರು ಸಾಕು. ಮಂದಿ ಆಗಲೇ ಪಟಗ ಅವನದೇ ಎಂದು ಚಪ್ಪಾಳೆ ತಟ್ಟಿದರು. ಅವನು ಬಲಗಡೆಯಿಂದ ಒಂದು ತೆಗೆದು ತುಂಬಿದ.

ಗಿರಿಜವ್ವ ಎದ್ದು ನಿಂತಳು. ಹೋಗಬೇಕೋ ಬೇಡವೋ? ಹೋದರೆ ಅವನ ಮಾನ ಹೋಗುತ್ತದೆ, ಹೋಗದಿದ್ದರೆ ಕೈ ಹೋಗುತ್ತದೆ. ಯೋಚಿಸುತ್ತಿರುವಾಗಲೇ ಮುಚ್ಚಳ ಹಾರಿತು.

ಢಮ್!

ಹೊಗೆಯಲ್ಲಿ ಮುರಗೆಪ್ಪ ಕಾಣಲೇ ಇಲ್ಲ. ಹೊಗೆ ಸರಿದ ಮೇಲೆ ಕಂಡಾಗ ಎರಡು ಹೆಜ್ಜೆ ಹಿಂದೆ ಇದ್ದ, ಎಡಗೈಯಿಂದ ಬಲಹೆಗಲು ಹಿಡಿದಿದ್ದ. ಮುಚ್ಚಳ ಹುಲ್ಲಿನ ಮೇಲೆ ಇಡಿಯಾಗಿ ಕುಳಿತಿತ್ತು. ಹೆಗಲಿನ ನೋವಿಗಿಂತ ಅವನ ಮುಖದಲ್ಲಿ ಆಶ್ಚರ್ಯ ಹೆಚ್ಚಿತ್ತು. ಅವನು ಎರಡನೆಯದನ್ನು ಪಟ್ಟಿಯಿಂದ ಎಳೆಯುವಷ್ಟರಲ್ಲಿ ಗಿರಿಜವ್ವ ಹಗ್ಗ ದಾಟಿ, ಹನ್ನೊಂದು ಬಂದೂಕಿನ ಗಂಡಸರ ನಡುವೆ ನಡೆದುಹೋಗಿ ಅವನ ಕೈ ಹಿಡಿದಳು.

“ಅದ ಬ್ಯಾಡ್ರಿ. ಇವ ಹಾಕ್ರಿ” ಎಂದು ಸೆರಗಿನ ಗಂಟು ಬಿಚ್ಚಿದಳು.

“ಇವ್ಯಾವು?”

“ಹಗುರ.” ದನಿ ತಗ್ಗಿಸಿ ಹೇಳಿದಳು. “ನೀವು ಇಪ್ಪತ್ತು ಹೊಡದ್ರೆಲಾ, ಅವೂ ಇವ. ಎರಡ ವರ್ಷದಿಂದ ಇವನ್ನ ತುಂಬಿ ಕೊಡಾಕತ್ತೇನಿ. ನಿಮ್ಮ ಕೈ ಉಳೀಬೇಕ್ರಿ.”

ದನಿ ತಗ್ಗಿಸಿದ್ದೇನೋ ನಿಜ. ಆದರೆ ಬಂದೂಕಿನ ಸಪ್ಪಳಕ್ಕೆ ಕಿವಿ ಗುಂಯ್‌ಗುಟ್ಟುತ್ತಿದ್ದವಳಿಗೆ ತನ್ನ ದನಿ ಎಷ್ಟು ದೊಡ್ಡದೆಂದು ತಿಳಿಯಲಿಲ್ಲ. ಬೇವಿನ ಮರದ ತನಕ ಕೇಳಿಸಿತು. ವಿರುಪಾಕ್ಷಪ್ಪ ಮೊದಲು ನಕ್ಕ, ಆಮೇಲೆ ಇಡೀ ಬಯಲು ನಕ್ಕಿತು. ಸುಭೇದಾರ ಕೈ ಎತ್ತಿ, “ನಗಬ್ಯಾಡ್ರೆಪಾ, ನಿಮ್ಮೆಲ್ಲಾರೊಳಗ ಶಾಣ್ಯಾ ಕೆಲಸ ಮಾಡಿದಾಕಿ ಈ ತಾಯಿ ಒಬ್ಬಾಕೀನ” ಎಂದು ಕೂಗಿದ. ನಗುವಿನಲ್ಲಿ ಯಾರು ಕೇಳುತ್ತಾರೆ!

ಮುರಗೆಪ್ಪ ಒಂದು ಕೈಯಲ್ಲಿ ಜಡದ್ದನ್ನು ಹಿಡಿದು, ಅವಳ ಕೈಯಲ್ಲಿದ್ದ ಹಗುರದ್ದನ್ನು ನೋಡಿದ. ಯಾವುದನ್ನೂ ಹಾಕಲಿಲ್ಲ. ಬಂದೂಕು ಮಡಚಿ ಹೆಗಲಿಗೆ ಹಾಕಲು ಹೋಗಿ, ಹೆಗಲು ನೊಂದು, ಬಗಲಿಗೆ ಇರುಕಿಕೊಂಡು ಹೊರಟುಹೋದ. ಮೋಟರ್‌ಸೈಕಲ್ಲಿನ ಸಪ್ಪಳ ಕಾರ್ಖಾನೆಯ ಗೇಟಿನ ತನಕ ಕೇಳಿತು. ಪಟಗ ವಿರುಪಾಕ್ಷಪ್ಪನಿಗೆ ಹೋಯಿತು. ಗಿರಿಜವ್ವ ಗೆದ್ದವರ ಟ್ರ್ಯಾಕ್ಟರಿನಲ್ಲೇ ತಲೆ ತಗ್ಗಿಸಿಕೊಂಡು ಮನೆಗೆ ಬಂದಳು.

ಮಿರಜಿನ ಡಾಕ್ಟರು ಎಲುಬು ಉಳಿದಿದೆ ಎಂದರು. ಇನ್ನೊಂದು ಹೊಡೆದಿದ್ದರೆ ಉಳಿಯುತ್ತಿರಲಿಲ್ಲ ಎಂದೂ ಹೇಳಿದರು. ಈ ಸಲ ಅವನು ಎರಡನ್ನೂ ಕೇಳಿಸಿಕೊಂಡ. ಆದರೆ ಹೆಂಡತಿಯ ಜೊತೆ ಮಾತು ಬಿಟ್ಟ. ಊಟಕ್ಕೆ ಬರುತ್ತಿದ್ದ, ಉಣ್ಣುತ್ತಿದ್ದ, ಬೇಕಾದದ್ದನ್ನು ಎಮ್ಮೆಗೆ ಹೇಳುತ್ತಿದ್ದ. “ಸಾರಿಗೆ ಉಪ್ಪ ಕಡಿಮಿ ಐತಿ ನೋಡ” ಎಂದು ಎಮ್ಮೆಗೆ ಹೇಳಿದರೆ ಎಮ್ಮೆ ಏನು ಮಾಡಬೇಕು? ಗಿರಿಜವ್ವನ ಕೈಯಲ್ಲಿ ಉಪ್ಪು ಎಂದೂ ಕಡಿಮೆ ಆದದ್ದಿಲ್ಲ. ಕಡಿಮೆ ಹಾಕುವ ಹೆಂಗಸು ಎಂಬ ಸಿಟ್ಟಿನ ಮಾತು ಅದು. ಅವಳಿಗೆ ಚುಚ್ಚುತ್ತಿತ್ತು. ಮೂವತ್ತು ವರ್ಷ ನಂಬಿ ಅಳತೆ ಕೊಟ್ಟವನಿಗೆ ತಾನು ಸುಳ್ಳು ತುಂಬಿ ಕೊಟ್ಟದ್ದು ನಿಜವೇ. ಹಾಗೆಂದು ಕೈ ಹೋಗಲಿ ಎನ್ನಲು ಆಗುತ್ತಿತ್ತೇ? ಬಂದೂಕು ಗೂಟದ ಮೇಲೆ ಧೂಳು ತಿನ್ನತೊಡಗಿತು. ಹಂದಿ ಬಂದರೆ ಮುರಗೆಪ್ಪ ಎಡಗೈಯಿಂದ ಎಣ್ಣೆ ಡಬ್ಬಿ ಬಡಿಯುತ್ತಿದ್ದ.

ಇಪ್ಪತ್ತು ದಿನ ಹೀಗೆ ಹೋದವು. ಒಂದು ಮಧ್ಯಾಹ್ನ ವಿರುಪಾಕ್ಷಪ್ಪ ಬಂದ. ಮುರಗೆಪ್ಪ ಕೊಟ್ಟಿಗೆಯಲ್ಲಿದ್ದುದು ಅವನಿಗೆ ಗೊತ್ತಿರಲಿಲ್ಲ. ಗೆದ್ದ ಪಟಗವನ್ನೇ ಸುತ್ತಿಕೊಂಡಿದ್ದ, ಆದರೆ ಅದು ಒಂದು ಕಿವಿಯ ಮೇಲೆ ಜಾರಿತ್ತು.

“ಪಟಗಾ ನೆಟ್ಟಗ ಮಾಡಕೋರಿ” ಎಂದಳು ಗಿರಿಜವ್ವ.

“ಹೆಂಗ ಮಾಡ್ಲಿ ವೈನಿ? ಕೈ ಮ್ಯಾಲ ಏಳವಲ್ದು. ದಿನಾ ಸಕ್ಕುಬಾಯಿ ಸುತ್ತತಾಳ, ಸುತ್ತುತನಾ ಬೈತಾಳ.” ಅತ್ತಿತ್ತ ನೋಡಿ ದನಿ ಇಳಿಸಿದ. “ಮುಂದಿನ ವರ್ಷ ಮತ್ತ ಪಂದ್ಯಾ ಐತೆಲಾ. ಆ ಹಗುರಂವು ಒಂದ ಇಪ್ಪತ್ತೈದ ನನಗೂ ತುಂಬಿ ಕೊಡ್ರಿ. ಮುರಗೆಪ್ಪಣ್ಣಗ ಹೇಳಬ್ಯಾಡ್ರಿ.”

ಕೊಟ್ಟಿಗೆಯಿಂದ ಸಗಣಿಯ ಬುಟ್ಟಿ ಧೊಪ್ ಎಂದು ಬಿದ್ದ ಸಪ್ಪಳವಾಯಿತು. ಮುರಗೆಪ್ಪ ಹೊರಗೆ ಬಂದ.

“ಏ ವಿರುಪಾಕ್ಷಾ, ಅವ ನಮ್ಮ ಬೀಗರ ಕಾರ್ಡಿನವು” ಎಂದ. “ಮಂದೀಗೆ ಕೊಡಾಕ ಇಟ್ಟಿಲ್ಲ. ನಿಂಗ ಬೇಕಾದ್ರ ನಿನ್ನ ಹೆಂಡ್ತಿ ತವರಿನವನ್ನ ತುಂಬಿಸಿಕೋ, ನಡಿ!”

ವಿರುಪಾಕ್ಷಪ್ಪ ಪಟಗ ಹಿಡಿದುಕೊಳ್ಳಲೂ ಆಗದೆ ನಡೆದ. ಮುರಗೆಪ್ಪ ಅಂಗಳದಲ್ಲೇ ನಿಂತ. ಬೀಗರ ಕಾರ್ಡು ಎಂಬುದು ತನಗೆ ಹೇಗೆ ತಿಳಿದಿತ್ತು ಎಂದು ಹೆಂಡತಿ ಕೇಳಿಯಾಳು ಎಂದು ಕಾದನೇನೋ. ಅವಳು ಕೇಳಲಿಲ್ಲ. ಅಟ್ಟಕ್ಕೆ ಹಚ್ಚಿದ್ದ ಏಣಿ, ಎಳೆದಾಡಿದ ಡಬ್ಬಿಗಳನ್ನು ಅವಳು ಹಿಂದಿನ ವಾರವೇ ಕಂಡಿದ್ದಳು. ಜಡದ್ದರ ಮೇಲೆ ಕನ್ನಡ, ಹಗುರದ್ದರ ಮೇಲೆ ಮರಾಠಿ ಅಕ್ಷರ ಇರುವುದನ್ನು ಅವನು ಎಲ್ಲವನ್ನೂ ತೆಗೆದು ನೋಡಿದ್ದ.

ಅವನು ಒಳಗೆ ಹೋಗಿ ಬಂದೂಕಿನ ಗೂಟದ ಕೆಳಗಿನ ಗೋಡೆಯ ಮಾಡದಿಂದ, ಅವಳು ಪಂದ್ಯದಿಂದ ತಂದಿಟ್ಟಿದ್ದ ಆ ಐದು ಹಗುರ ಕಾಡತೂಸುಗಳನ್ನು ತಂದು, ಕಣ್ಣಿಗೆ ಚಾಳೀಸು ಏರಿಸಿ, ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದ. ತಲೆ ಬಗ್ಗಿಸಿ ಒಂದೊಂದನ್ನೇ ಓದಿದ. ಒಂದರ ಮೇಲೆ ‘ನಿಪಾಣಿ’ ಎಂದಿತ್ತು. ಒಂದರ ಮೇಲೆ ವೈಶಾಖದ ಅರ್ಧ, ಒಂದರ ಮೇಲೆ ‘ವಿವಾಹ’. ಒಂದರ ಮೇಲೆ ‘ಗಿರಿಜಾ’. ಕೊನೆಯದರ ಮೇಲೆ ‘ಮುರಗೆ’.

“ಇದು ಯಾರ ಮದುವಿದು?” ಎಂದ. ಎಮ್ಮೆ ಹತ್ತಿರದಲ್ಲಿ ಇರಲಿಲ್ಲ. ಕೇಳಿದ್ದು ಹೆಂಡತಿಯನ್ನೇ.

“ನಮ್ಮದರಿ.”

ಅವನು ಚಾಳೀಸು ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

“ನನ್ನ ಹೆಸರ ಯಾಕ ಅರ್ಧಕ್ಕ ಕತ್ತರಿಸಿದಿ?”

“ನಿಮ್ಮ ಹೆಸರ ಉದ್ದ ಐತ್ರಿ. ಬಿಲ್ಲಿ ಸಣ್ಣದು.”

ಅವನು ಹೂಂ ಎಂದ. ಐದನ್ನೂ ಎತ್ತಿಕೊಂಡು ಹೋಗಿ ಮಾಡದಲ್ಲಿ ಅಲ್ಲ, ದೇವರ ಮನೆಯ ಗಣಪತಿ ಡಬ್ಬಿಯ ಮಗ್ಗುಲಿಗೆ ಇಟ್ಟ. “ಇವ ಹೊಡಿಯೂವಲ್ಲ” ಎಂದ. ರಾತ್ರಿಯ ಊಟಕ್ಕೆ ಸಾರಿನಲ್ಲಿ ಉಪ್ಪು ಸರಿಯಾಗಿದೆ ಎಂದು ಅವಳಿಗೇ ನೇರವಾಗಿ ಹೇಳಿದ.

ಯುಗಾದಿ ಮುಗಿದು ಹದಿನೈದು ದಿನಕ್ಕೆ ನಿಪ್ಪಾಣಿಯಿಂದ ಕಾರ್ಡು ಬಂತು. ಗುರಪ್ಪನ ಹಿರಿಯ ಮಗಳ ಮದುವೆ. ಗಿರಿಜವ್ವ ಕೈ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಮುರಗೆಪ್ಪ ಅದನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ನೋಡುತ್ತಿದ್ದ.

“ಹೋಗೂಣೇನು?” ಎಂದ.

ಅವಳು ಒಳಗೆ ಹೋಗಿ ಟ್ರಂಕಿನಿಂದ ಧಾರೆ ಸೀರೆ ತೆಗೆದಳು.

ಇಪ್ಪತ್ತೆರಡು ವರ್ಷದ ಮೇಲೆ ಅಕ್ಕನ ಗಂಡ ಬಂದನೆಂದು ಗುರಪ್ಪ ಮುಹೂರ್ತದ ಗಡಿಬಿಡಿಯನ್ನೂ ಬಿಟ್ಟು ಓಡಿ ಬಂದ. ಊಟದ ಮೇಲೆ ಆಹೇರಿಗೆ ಕೂಡ್ರಿಸಿದಾಗ ಧೋತರದ ಮಡಿಕೆ ಬಿಚ್ಚಿ ಮಂದಿಯ ಎದುರಿಗೆ ಅಳೆದು ತೋರಿಸಿದ. “ಒಂಬತ್ತ ಮೊಳ ಐತ್ರಿ ಮಾವಾರ. ಈ ಸಲ ಕಾಲ ಮುಚ್ಚಿ ಇನ್ನೂ ಉಳಿತೈತಿ.” ನೆರೆದ ಬೀಗರು ನಕ್ಕರು. ಹೆಣ್ಣುಮಕ್ಕಳ ಪಂಕ್ತಿಯಲ್ಲಿ ಹೋಳಿಗೆಗೆ ಕೈ ಹಾಕಿದ್ದ ಗಿರಿಜವ್ವ ಜೀವ ಕೈಯಲ್ಲಿ ಹಿಡಿದು ಗಂಡನ ಮುಖ ನೋಡಿದಳು.

“ಧೋತರ ಇರ್ಲಿ ಗುರಪ್ಪಾ” ಎಂದ ಮುರಗೆಪ್ಪ. “ಕಾರ್ಡ ಉಳದಾವೇನು?”

“ಕಾರ್ಡು? ಮದುವಿ ಕಾರ್ಡು? ಉಳದಿರಬೇಕ್ರಿ ಒಂದ ಐವತ್ತು. ಯಾಕ್ರಿ?”

“ಇದ್ದಷ್ಟೂ ಕೊಡು. ನಿಮ್ಮಕ್ಕ ಅವನ್ನ ಹಾಕಿ ಹಗುರ ತುಂಬತಾಳ.” ಮುರಗೆಪ್ಪ ಸುತ್ತ ಕುಳಿತ ಬೀಗರನ್ನೆಲ್ಲ ಒಮ್ಮೆ ನೋಡಿದ. ಆಮೇಲೆ ಪಂಕ್ತಿಯ ಆ ತುದಿಗೆ ಕೇಳುವಂತೆ ಗಟ್ಟಿಯಾಗಿಯೇ ಹೇಳಿದ. “ನನ್ನ ಹೆಗಲಿಗೆ ಜಡಾ ತಡಿಯೂದಿಲ್ಲ.”

ಮೂವತ್ತು ವರ್ಷದಲ್ಲಿ ಅವನ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು, ಅದೂ ಅವಳ ತವರಿನವರ ಮುಂದೆ. ಯಾರೂ ನಗಲಿಲ್ಲ. ಗಿರಿಜವ್ವನ ಕಣ್ಣು ತುಂಬಿ ತಾಟಿನಲ್ಲಿಯ ಹೋಳಿಗೆ ಕಾಣದಂತಾಯಿತು. ಗುರಪ್ಪ ಒಳಗಿನಿಂದ ಕಾರ್ಡಿನ ಕಟ್ಟು ತಂದಾಗ ಅವಳು ಎಂಜಲು ಕೈಯನ್ನು ಹಿಂದಕ್ಕೆ ಹಿಡಿದು, ಎಡಗೈಯಿಂದ ಒಂದನ್ನು ಎಳೆದು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ನೋಡಿದಳು. ರಟ್ಟು ಒಳ್ಳೆ ದಪ್ಪ ಇತ್ತು.